ಹಿಂದಿನ ಸೀಟಿನಲ್ಲಿ ಕೂತು ಆರಿಸಿದ ಕಾರು

ಅಮ್ಮನ ಎಡ ಮೊಣಕಾಲಿಗೆ ಆಪರೇಷನ್ ಆದದ್ದು 2022ರ ಬೇಸಿಗೆಯಲ್ಲಿ, ಬೆಂಗಳೂರಿನಲ್ಲಿ. ಕೋಲಾರದ ನಮ್ಮ ಮನೆಯಿಂದ ಅಲ್ಲಿಗೆ ಹತ್ತಿರ ಹತ್ತಿರ 70 ಕಿಲೋಮೀಟರ್. ಆಪರೇಷನ್ ಒಂದು ದಿನದ್ದು, ಆಮೇಲಿನ ಓಡಾಟ ಆರು ತಿಂಗಳದ್ದು. ಆಗ ನಮ್ಮಲ್ಲಿ ಇದ್ದದ್ದು ಹನ್ನೆರಡು ವರ್ಷದ ಹಳೆಯ ಸಣ್ಣ ಕಾರು. ಅಮ್ಮನನ್ನು ಮುಂದೆ ಕೂರಿಸಿ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಅವರ ಕಾಲಿಗೆ ಜಾಗ ಸಿಗುತ್ತಿತ್ತು, ಆದರೆ ಹಿಂದೆ ಕೂತ ಅಪ್ಪನಿಗೆ ಇರುತ್ತಿರಲಿಲ್ಲ. ಅಪ್ಪ ಆರಡಿ ಎತ್ತರದ ಆಳು. ಹೊಸಕೋಟೆ ದಾಟುವಷ್ಟರಲ್ಲಿ ಅವರ ಕಾಲು ಜೋಮು ಹಿಡಿದಿರುತ್ತಿತ್ತು, ಬಾಯಿಬಿಟ್ಟು ಮಾತ್ರ ಹೇಳುತ್ತಿರಲಿಲ್ಲ.

ದೊಡ್ಡ ಗಾಡಿ ತಗೋಬೇಕು ಅಂತ ತೀರ್ಮಾನವಾದಾಗ ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: ಎಸ್‌ಯುವಿ ತಗೊಳ್ಳಿ ಮೇಷ್ಟ್ರೇ, ವಯಸ್ಸಾದವರಿಗೆ ಎತ್ತರದ ಗಾಡಿಯೇ ಸರಿ. ನಾನೂ ಹಾಗೇ ಅಂದುಕೊಂಡಿದ್ದೆ. ಸಹೋದ್ಯೋಗಿಯೊಬ್ಬರು ತಮ್ಮ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿ, "ಅಮ್ಮನ್ನ ಒಂದ್ಸಲ ಹತ್ತಿಸಿ ನೋಡಿ" ಅಂದರು. ಅಮ್ಮ ಐದಡಿಗೂ ಸ್ವಲ್ಪ ಕಡಿಮೆ. ಬಾಗಿಲು ಹಿಡಿದು ಬಲಗಾಲು ಎತ್ತಿ ಒಳಗಿಟ್ಟರು, ಎಡಗಾಲು ನೆಲದ ಮೇಲೇ ಉಳಿಯಿತು. ಆಪರೇಷನ್ ಆದ ಕಾಲಿನ ಮೇಲೇ ಇಡೀ ಮೈಭಾರ. ನಾನು ತೋಳು ಹಿಡಿದು ಎತ್ತಬೇಕಾಯಿತು. "ಇದು ಹತ್ತೋದಲ್ಲ ಕಣಪ್ಪ, ಅಟ್ಟ ಏರ್ದಂಗೆ" ಅಂದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅವತ್ತು ಸಂಜೆ ಟೇಪು ಹಿಡಿದೆ. ಆ ಗಾಡಿಯ ಸೀಟಿನ ಅಂಚು ನೆಲದಿಂದ 26 ಇಂಚು. ಮನೆಯಲ್ಲಿ ಅಮ್ಮ ಯಾರ ಸಹಾಯವೂ ಇಲ್ಲದೆ ಕೂತು ಏಳುವ ಮರದ ಕುರ್ಚಿ 18 ಇಂಚು. ಮಾರನೇ ದಿನ ಪಕ್ಕದ ಬೀದಿಯ ಒಂದು ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿರುವ ತಗ್ಗಿನ ಕಾರು, ಅಳೆದೆ, ಅದು 21 ಇಂಚು. ಆ ಕಾರಿಗೆ ಬೆನ್ನು ಮಾಡಿ ನಿಂತು, ಸೀಟಿನ ಮೇಲೆ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡರೆ ಅಮ್ಮನಿಗೆ ಕೈಯಾಸರೆಯೂ ಬೇಕಾಗಲಿಲ್ಲ. ಎತ್ತರದ ಗಾಡಿ ವಯಸ್ಸಾದವರಿಗೆ ಒಳ್ಳೆಯದು ಅನ್ನುವುದು ಎತ್ತರದ ವಯಸ್ಸಾದವರ ಮಟ್ಟಿಗೆ ನಿಜ. ಅಪ್ಪ ಸೆಡಾನಿನೊಳಗೆ ತಲೆ ಬಗ್ಗಿಸಿಯೇ ಹೋಗಬೇಕು, ಇವತ್ತಿಗೂ ಹಾಗೇ ಹೋಗುತ್ತಾರೆ. ಆದರೆ ಮೊಣಕಾಲು ನೋವು ಅಮ್ಮನದು. ಹಾಗಾಗಿ ಅಮ್ಮನ ಅಳತೆಯೇ ಲೆಕ್ಕಕ್ಕೆ ಬಂತು.

ಹೊಸ ಸೆಡಾನ್ ನಮ್ಮ ಕೈಗೆ ಎಟುಕುವುದಲ್ಲ. ಏಳು ಲಕ್ಷದೊಳಗೆ, ನಾಲ್ಕೈದು ವರ್ಷದ ಗಾಡಿ, ಪೆಟ್ರೋಲ್, ಕರ್ನಾಟಕದ್ದೇ ರಿಜಿಸ್ಟ್ರೇಷನ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಬ್ರೋಕರ್‌ಗಳು ಆಸೆ ತೋರಿಸುತ್ತಾರೆ. ಅದನ್ನು ಇಲ್ಲಿಗೆ ವರ್ಗಾಯಿಸುವಾಗ ಇಲ್ಲಿನ ರೋಡ್ ಟ್ಯಾಕ್ಸ್ ಕಟ್ಟಬೇಕು, ಅಲ್ಲಿಗೆ ಆ ಉಳಿತಾಯ ಹೋಯಿತು. ನಮ್ಮ ರಾಜ್ಯದ್ದೇ ಆದರೆ ಮೊದಲ ಮಾಲೀಕರು ಕಟ್ಟಿದ ಜೀವಾವಧಿ ತೆರಿಗೆ ಗಾಡಿಯ ಜೊತೆಗೇ ಬರುತ್ತದೆ.

ಈ ಅಳತೆಯ ಸೆಡಾನ್‌ಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವುದು ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಮಾರುತಿ ಸಿಯಾಜ್. ಮೂರನ್ನೂ ನೋಡಿದೆವು. ಪ್ರತಿ ಗಾಡಿಯಲ್ಲೂ ನಾನು ಮೊದಲು ಮಾಡಿದ ಕೆಲಸ ಒಂದೇ: ಡ್ರೈವರ್ ಸೀಟನ್ನು ನಾನು ಓಡಿಸುವ ಜಾಗಕ್ಕೆ ಸರಿಸಿಕೊಂಡು, ಕೆಳಗಿಳಿದು, ಅದರ ಹಿಂದಿನ ಸೀಟಿನಲ್ಲಿ ಹೋಗಿ ಕೂರುವುದು. ಮಾರುವವರು ಬಾನೆಟ್ ಎತ್ತಿ ಕಾಯುತ್ತಿರುತ್ತಾರೆ, ಮ್ಯೂಸಿಕ್ ಸಿಸ್ಟಮ್ ಹಾಕಿ ತೋರಿಸುತ್ತಾರೆ. ನಾನು ಹಿಂದೆ ಕೂತು ಮೊಣಕಾಲಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವಿನ ಜಾಗವನ್ನು ಗೇಣಿನಲ್ಲಿ ಅಳೆಯುತ್ತಿದ್ದೆ. ಸಿಟಿ ಮತ್ತು ವೆರ್ನಾದಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ 2600 ಮಿ.ಮೀ., ಸಿಯಾಜ್‌ನಲ್ಲಿ 2650. ಐವತ್ತು ಮಿಲಿಮೀಟರ್ ಅಂದರೆ ಎರಡು ಇಂಚು, ಅದರಲ್ಲೇನು ಅನ್ನಿಸಬಹುದು. ಮಡಚಲಾಗದ ಕಾಲು ಇರುವವರಿಗೆ ಆ ಎರಡು ಇಂಚೇ ಪ್ರಯಾಣ. ಓಡಿಸುವವನ ಖುಷಿಗೆ ಕೇಳಿದರೆ ನಾನು ಸಿಟಿಯನ್ನೇ ಆರಿಸುತ್ತಿದ್ದೆ, ಅದರ 1.5 ಲೀಟರ್ ಎಂಜಿನ್ನು ಎಳೆಯುವ ರೀತಿಯೇ ಬೇರೆ. ಆದರೆ ವರ್ಷದಲ್ಲಿ ಅರ್ಧ ಓಡಾಟ ಅಮ್ಮನಿಗಾಗಿ.

ಮೊದಲು ಮನಸ್ಸಿಗೆ ಬಂದ ಗಾಡಿ ನಮ್ಮದಾಗಲಿಲ್ಲ, ಅದರ ಕತೆ ಹೇಳಲೇಬೇಕು. ಬೆಂಗಳೂರಿನ ಹೊರವಲಯದ ಒಂದು ಅಂಗಡಿಯಲ್ಲಿತ್ತು. ಬಿಳಿ ಬಣ್ಣ, ಸಿಂಗಲ್ ಓನರ್, ಕಡಿಮೆ ಕಿಲೋಮೀಟರ್, ಮಾರುಕಟ್ಟೆಗಿಂತ ಎಂಬತ್ತು ಸಾವಿರ ಕಡಿಮೆ ಬೆಲೆ. ಒಳಗೆಲ್ಲ ಸೆಂಟು ಹೊಡೆದು ಘಮ್ಮೆನ್ನುತ್ತಿತ್ತು. ನಾನು ಅಡ್ವಾನ್ಸ್ ಕೊಡಲು ತಯಾರಾಗಿದ್ದೆ. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಅಣ್ಣ ಎಂಜಿನ್ ಹತ್ತಿರ ಹೋಗಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಹಿಡಿದು ಎಳೆದ, ಎಳೆದ, ಕೊನೆಯ ತನಕ ಎಳೆದ. ಯಾರೂ ಕೈಯಿಡದ ಆ ಕೊನೆಯ ಒಂದೂವರೆ ಅಡಿಯಲ್ಲಿ ಬೆಲ್ಟು ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಿಗೆ ಸಣ್ಣ ಮಣ್ಣು ಹತ್ತಿತು. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದ. ಕೆಳಗಿನ ಗುಳಿಯ ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ. ಮುಂದಿನ ಸೀಟು ಜಾರುವ ಕಂಬಿಗಳಲ್ಲಿ ತುಕ್ಕು. "ನೀರು ಕುಡಿದಿರೋ ಗಾಡಿ ಸಾರ್, ಬನ್ನಿ" ಅಂದ, ಅಷ್ಟೇ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೆರೆ ಬಂದದ್ದು ಎಲ್ಲರಿಗೂ ನೆನಪಿರುತ್ತದೆ. ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಗಾಡಿಗಳು ಮುಳುಗಿದವು. ಅವು ಎಲ್ಲಿ ಹೋದವು ಅಂತ ನಾವು ಯೋಚಿಸುವುದಿಲ್ಲ. ತೊಳೆದು, ಒಣಗಿಸಿ, ಸೆಂಟು ಹೊಡೆದ ಮೇಲೆ ಒಂದಷ್ಟು ನಮ್ಮಂಥ ಊರುಗಳ ಕಡೆಗೂ ಬರಬಹುದಲ್ಲವೇ? ಎಂಜಿನ್ನಿಗೆ ನೀರು ಹೊಕ್ಕಿದ್ದರೆ ಬೇಗ ಗೊತ್ತಾಗುತ್ತದೆ. ವೈರುಗಳ ಜೋಡಣೆಗೆ ಹೊಕ್ಕ ನೀರು ವರ್ಷದ ಮೇಲೆ ಒಂದೊಂದಾಗಿ ಕಾಟ ಕೊಡುತ್ತದೆ: ಇವತ್ತು ಪವರ್ ವಿಂಡೋ, ನಾಳೆ ಸೆನ್ಸರ್, ಇನ್ನೊಂದು ದಿನ ಹೆದ್ದಾರಿ ಮಧ್ಯೆ ಗಾಡಿ ಬಂದ್. ಅದಾದ ಮೇಲೆ ಬೆಂಗಳೂರಿನ ಯಾವ ಗಾಡಿ ನೋಡಿದರೂ ನಾನೇ ಎಲ್ಲಾ ಐದು ಬೆಲ್ಟನ್ನೂ ಕೊನೆಯ ತನಕ ಎಳೆದು ನೋಡುತ್ತಿದ್ದೆ. ಬೆಲ್ಟಿನ ಬುಡದಲ್ಲಿ ಸಣ್ಣ ಚೀಟಿ ಹೊಲಿದಿರುತ್ತಾರೆ, ತಯಾರಾದ ಕಾಲ ಅದರಲ್ಲಿರುತ್ತದೆ. ಅದು ಗಾಡಿಯ ವರ್ಷಕ್ಕಿಂತ ಹೊಸದಾಗಿದ್ದರೆ ಬೆಲ್ಟು ಯಾಕೆ ಬದಲಾಯಿತು ಅಂತ ಕೇಳಲೇಬೇಕು. ಬಾಗಿಲ ಗಾಜುಗಳ ಮೇಲೂ ಇಂಥ ಗುರುತು ಇರುತ್ತದೆ. ಒಂದು ಗಾಜಿನದು ಮಾತ್ರ ಬೇರೆ ವರ್ಷದ್ದಾದರೆ ಆ ಕಡೆಯ ಬಾಗಿಲಿಗೆ ಏನೋ ಆಗಿದೆ.

ನಮ್ಮ ಗಾಡಿ ಸಿಕ್ಕಿದ್ದು 2023ರ ಜನವರಿಯಲ್ಲಿ, ವೈಟ್‌ಫೀಲ್ಡ್‌ನಲ್ಲಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್, ವಿದೇಶಕ್ಕೆ ಹೊರಟಿದ್ದರು. 2018ರ ಕೊನೆಯ ಸಿಯಾಜ್, ಮೇಲಿನ ದರ್ಜೆಯ ಆಲ್ಫಾ, ಮ್ಯಾನುಯಲ್ ಗೇರು, 46,000 ಕಿಲೋಮೀಟರ್. ಆ ವರ್ಷವೇ ಅದಕ್ಕೆ ಹೊಸ 1.5 ಲೀಟರ್ ಪೆಟ್ರೋಲ್ ಎಂಜಿನ್ ಬಂದಿತ್ತು: 1462 ಸಿಸಿ, 105 ಪಿಎಸ್ ಶಕ್ತಿ. ಅದಕ್ಕೆ ಮೊದಲಿನ 1.4 ಲೀಟರಿನದಕ್ಕಿಂತ ಇದು ಐದು ಜನ ಕೂತಾಗ ಹಗುರವಾಗಿ ಓಡುತ್ತದೆ. ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಹಾಗಾಗಿ ಇಷ್ಟು ಸಾವಿರಕ್ಕೆ ಬೆಲ್ಟ್ ಬದಲಿಸು ಅನ್ನುವ ಖರ್ಚಿಲ್ಲ.

ಬೆಳಿಗ್ಗೆ ಏಳಕ್ಕೇ ಬರುತ್ತೇವೆ, ದಯವಿಟ್ಟು ಅಲ್ಲಿಯ ತನಕ ಸ್ಟಾರ್ಟ್ ಮಾಡಬೇಡಿ ಅಂತ ಕೇಳಿಕೊಂಡಿದ್ದೆ. ತಣ್ಣಗಿರುವ ಎಂಜಿನ್ನಿನ ಮೊದಲ ಒಂದು ನಿಮಿಷದ ಸದ್ದು ಮತ್ತು ಹೊಗೆ ಸುಳ್ಳು ಹೇಳುವುದಿಲ್ಲ. ಸರ್ವಿಸ್ ದಾಖಲೆಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಪ್ರತಿ ಸರ್ವಿಸ್ ಹೊತ್ತಿನ ಕಿಲೋಮೀಟರನ್ನು ಬರೆದುಕೊಂಡೆ. ಮೀಟರ್ ತಿರುಗಿಸಿದ್ದರೆ ಈ ಸಾಲು ಎಲ್ಲೋ ಒಂದು ಕಡೆ ಹಿಂದಕ್ಕೆ ಹೋಗುತ್ತದೆ, ಇದರಲ್ಲಿ ಏರುತ್ತಲೇ ಇತ್ತು. ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಮೇಲಿನ ಸವೆತ ಕೂಡ 46,000ಕ್ಕೆ ಹೊಂದುವಂತಿತ್ತು. ಟೈರಿನ ಮೇಲೆ ನಾಲ್ಕು ಅಂಕಿ: 3818. ಅಂದರೆ 2018ರ 38ನೇ ವಾರ ತಯಾರಾದದ್ದು. ನಾಲ್ಕೂ ಅವೇ. ರಸ್ತೆ ಹಿಡಿಯುವ ಗೀರುಗಳು ಇನ್ನೂ ಇದ್ದವು, ಆದರೆ ಪಕ್ಕದಲ್ಲಿ ಸಣ್ಣ ಬಿರುಕು ಶುರುವಾಗಿತ್ತು. 16 ಇಂಚಿನ ಚಕ್ರದ ಟೈರುಗಳು, ಅಗ್ಗದವಲ್ಲ. ಆ ನಾಲ್ಕು ಅಂಕಿ ತೋರಿಸಿಯೇ ನಾನು ಚೌಕಾಸಿ ಮಾಡಿದ್ದು. 7.25 ಲಕ್ಷ ಅಂದವರು 6.70ಕ್ಕೆ ಒಪ್ಪಿದರು. ಹೊಸದರಲ್ಲಿ ಅದರ ಶೋರೂಂ ಬೆಲೆಯೇ ಹತ್ತಿರ ಹತ್ತಿರ 10 ಲಕ್ಷ ಇತ್ತು.

ದುಡ್ಡು ಕೊಡುವ ಮೊದಲು ಒಂದು ಕೇಳಿಕೆ ಇಟ್ಟೆ. ಅಮ್ಮ, ಅಪ್ಪನನ್ನು ಕರೆತಂದು ಕೂರಿಸಿ ನೋಡುತ್ತೇನೆ ಅಂದೆ. ಅವರು ನಗಲಿಲ್ಲ. ಭಾನುವಾರ ಕರೆದುಕೊಂಡು ಹೋದೆ. ಅಮ್ಮ ಬೆನ್ನು ಮಾಡಿ ಕೂತು, ಕಾಲು ತಿರುಗಿಸಿಕೊಂಡು, ಮೆಲ್ಲಗೆ ಎಡಗಾಲನ್ನು ಮುಂದಿನ ಸೀಟಿನ ಅಡಿಗೆ ಚಾಚಿದರು. ನಾನು ಅವರ ಮುಂದೆ, ನನ್ನ ಜಾಗದಲ್ಲೇ ಕೂತಿದ್ದೆ. ಅವರ ಮೊಣಕಾಲಿಗೂ ನನ್ನ ಸೀಟಿಗೂ ಮಧ್ಯೆ ಒಂದು ಗೇಣಿಗೆ ಮೇಲೆ. "ಇದ್ರಲ್ಲಿ ತಿರುಪ್ತಿಗೂ ಹೋಗ್ಬೋದು" ಅಂದರು. ಗಾಡಿ ಕೊಳ್ಳುತ್ತೇವೆ ಅಂತ ನಾನು ಹೇಳುವ ಮೊದಲೇ ಗಾಡಿಯವರಿಗೆ ಗೊತ್ತಾಯಿತು.

ಕಾಗದದ ಕೆಲಸ ಹೇಳುವಷ್ಟು ಕಷ್ಟವಿಲ್ಲ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯೇ ನೋಡಿದೆ. ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇದ್ದರೆ ಅದನ್ನು ತೆಗೆಸುವ ತನಕ ಪೂರ್ತಿ ದುಡ್ಡು ಕೊಡಬಾರದು. ಟ್ರಾಫಿಕ್ ದಂಡ ಮೂರು ಬಾಕಿ ಇತ್ತು, ಅವರೇ ಕಟ್ಟಿದರು. ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಆಗಿ ಆರ್‌ಸಿ ನನ್ನ ಹೆಸರಿಗೆ ಬಂತು. ಇನ್ಷೂರೆನ್ಸ್ ಬಗ್ಗೆ ಬಹಳ ಜನ ಮೈಮರೆಯುತ್ತಾರೆ: ಗಾಡಿ ಕೈಬದಲಾದ 14 ದಿನದೊಳಗೆ ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅವರದು, ನಮಗೆ ಬರುವುದಿಲ್ಲ. ಆ ವ್ಯತ್ಯಾಸದ ಹಣ ನಾವು ತುಂಬಬೇಕು. ನಾನದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆ.

ಮೊದಲ ಪೂಜೆ ಕುರುಡುಮಲೆ ಗಣಪತಿಯಲ್ಲಿ. ಮುಳಬಾಗಿಲಿನ ತನಕ ಹೆದ್ದಾರಿ, ಅಲ್ಲಿಂದ ಒಳರಸ್ತೆ. ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟವಳು ಮಗಳು.

ಈಗ ಓಡಿಸಿದ ಮೇಲಿನ ಮಾತು. ಹೆದ್ದಾರಿಯಲ್ಲಿ 80–90ರ ವೇಗದಲ್ಲಿ, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಿ ಹೋದರೆ ಲೀಟರಿಗೆ 19ರಿಂದ 20 ಕಿಲೋಮೀಟರ್, ಕೋಲಾರದ ಬಸ್ ಸ್ಟ್ಯಾಂಡ್ ಸುತ್ತಿನ ಓಡಾಟದಲ್ಲಿ 14. ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದು, ಗಾಡಿಯ ಪರದೆ ತೋರಿಸಿದ್ದಲ್ಲ. ಕಂಪನಿಯ ಪರೀಕ್ಷೆಯ ಲೆಕ್ಕ 21.56, ಅದು ನಮ್ಮ ರಸ್ತೆಗೆ ಸಲ್ಲುವುದಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ಕ್ಲಚ್ ಒತ್ತಿದರೆ ಹೊರಡುವ ಸಣ್ಣ ಹೈಬ್ರಿಡ್ ವ್ಯವಸ್ಥೆ ಇದರಲ್ಲಿದೆ. ಅದರ ಎರಡನೇ ಬ್ಯಾಟರಿ ಇರುವುದು ಮುಂದಿನ ಪ್ಯಾಸೆಂಜರ್ ಸೀಟಿನ ಕೆಳಗೆ, ಅಂದರೆ ನೀರು ನುಗ್ಗಿದರೆ ಮೊದಲು ತಲುಪುವ ಜಾಗದಲ್ಲಿ. ಈ ಗಾಡಿ ನೋಡುವವರು ಆ ಸೀಟಿನಡಿ ಟಾರ್ಚ್ ಹಾಕಿ ನೋಡಿ.

ಹಿಂದೆ ಎರಡು ಎಸಿ ಗಾಳಿಕಿಂಡಿ, ಹಿಂದಿನ ಗಾಜಿಗೆ ಎಳೆದು ಸಿಕ್ಕಿಸುವ ಪರದೆ. ಏಪ್ರಿಲ್ ಮಧ್ಯಾಹ್ನ ನರಸಾಪುರದ ಬಯಲಿನಲ್ಲಿ ಆ ಪರದೆಯ ಬೆಲೆ ಗೊತ್ತಾಗುತ್ತದೆ. ಡಿಕ್ಕಿ 510 ಲೀಟರ್. ಅಮ್ಮನ ವಾಕರ್ ಮಡಚಿ ಇಟ್ಟ ಮೇಲೂ ಎರಡು ದೊಡ್ಡ ಸೂಟ್‌ಕೇಸು ಹಿಡಿಯುತ್ತದೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಹಣ್ಣಿನ ಬಾಕ್ಸು ತರುತ್ತೇವೆ. ಹಳೆಯ ಸಣ್ಣ ಕಾರಿನಲ್ಲಾದರೆ ಇಡೀ ಗಾಡಿಗೆ ಬಾದಾಮಿ ಮಾವಿನ ವಾಸನೆ ಹತ್ತಿ ಅಮ್ಮನಿಗೆ ತಲೆ ಸುತ್ತುತ್ತಿತ್ತು. ಇದರಲ್ಲಿ ಡಿಕ್ಕಿ ಬೇರೆಯೇ ಕೋಣೆ. ಆದರೆ ಬಾಯಿ ಚಿಕ್ಕದು, ಆಳ ಹೆಚ್ಚು, ಹಿಂದಿನ ಸೀಟು ಮಡಚುವುದೂ ಇಲ್ಲ. ಮಗಳ ಸೈಕಲ್ಲು ಸರ್ವಿಸಿಗೆ ಒಯ್ಯಬೇಕಾದರೆ ಟೆಂಪೋ ಹಿಡಿಯಬೇಕು.

2025ರಲ್ಲಿ ಈ ಮಾದರಿಯ ತಯಾರಿಕೆ ನಿಂತಿತು. ಬಿಡಿಭಾಗ ಸಿಗುತ್ತದೋ ಇಲ್ಲವೋ ಅಂತ ಸ್ನೇಹಿತರು ಗಾಬರಿಯಾದರು. ಇದೇ ಎಂಜಿನ್ನು ಮಾರುತಿಯದೇ ಎರ್ಟಿಗಾಗೂ ಎಕ್ಸ್‌ಎಲ್6ಗೂ ಬಂದದ್ದು, ಊರಿನ ಟ್ಯಾಕ್ಸಿಗಳಲ್ಲಿ ಅರ್ಧ ಅವೇ ಓಡುತ್ತಿವೆ. ಫಿಲ್ಟರಿಗೂ ಕ್ಲಚ್ಚಿಗೂ ನಾನು ಈ ತನಕ ಅಲೆದಿಲ್ಲ.

ಒಂದೇ ಒಂದು ಕಡೆ ಎಚ್ಚರ. ಸೆಡಾನಿನ ಉದ್ದ ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮದು 170 ಮಿ.ಮೀ., ಅದೂ ಖಾಲಿ ಇದ್ದಾಗಿನ ಲೆಕ್ಕ. ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಹಿಂಭಾಗ ಇನ್ನೂ ಕೂರುತ್ತದೆ. ಹಂಪಿನ ಮೇಲೆ ನೇರ ಹೋಗದೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವುದನ್ನು ರೂಢಿ ಮಾಡಿಕೊಂಡೆ. ನಮ್ಮ ಅಜ್ಜಿಯ ಊರಿನ ಬಾಗಿಲಲ್ಲಿ ಊರವರೇ ಹಾಕಿಸಿದ ಸಿಮೆಂಟಿನ ಹಂಪು ಒಂದಿದೆ, ಓರೆ ಹೋದರೂ ತಗಲುತ್ತದೆ. ಅಲ್ಲಿ ನಿಲ್ಲಿಸುತ್ತೇನೆ. ಹೆಂಡತಿ, ಮಗಳು, ಅಪ್ಪ ಇಳಿದು ಮುಂದೆ ನಡೆಯುತ್ತಾರೆ. ಅಮ್ಮ ಮಾತ್ರ ಕಾಲು ಚಾಚಿಕೊಂಡು ಕೂತೇ ಇರುತ್ತಾರೆ, "ನಿಧಾನಕ್ಕೆ ಬಿಡು" ಅನ್ನುತ್ತಾರೆ.