ಒಲೆಗಾಗದ ಕಟ್ಟಿಗೆಯಲ್ಲಿ ಬೇಸಿಗೆ ತರಕಾರಿ

ಕಾಸರಗೋಡಿನಲ್ಲಿ ನೀರಿಗೆ ಕಷ್ಟ ಅಂದರೆ ಹೊರಗಿನವರು ನಂಬುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಲ್ವಾ! ಆದರೆ ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಮುರಕಲ್ಲಿನ ಗುಡ್ಡೆ ಇಳಿದು ಹೊಳೆ ಸೇರುತ್ತದೆ. ಪೆರ್ಲದ ಆಚೆ ಇರುವ ನಮ್ಮ ಜಾಗದಲ್ಲಿ ಫೆಬ್ರವರಿ ಹೊತ್ತಿಗೆ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಬಿಲ) ನೀರು ಸಪೂರ ಆಗುತ್ತದೆ. ಇದ್ದದ್ದು ಅಡಿಕೆಗೇ ಸಾಲುವುದಿಲ್ಲ, ಮತ್ತೆ ತರಕಾರಿಗೆ ಎಲ್ಲಿಂದ ತರುವುದು?

ಹಾಗಾಗಿ ಮರದ ದಿಣ್ಣೆ ಮಾಡಿದೆ. ಅಡಿಯಲ್ಲಿ ಕುಂಬಾದ, ಅಂದರೆ ಕೊಳೆತು ಮೆತ್ತಗಾದ, ಮರ ಹೂತು, ಮೇಲೆ ಮಣ್ಣು ಏರಿಸಿ ಗಿಡ ನೆಡುವುದು. ಜರ್ಮನಿ, ಆಸ್ಟ್ರಿಯಾ ಕಡೆಯವರು ಇದನ್ನು ಹ್ಯೂಗಲ್‌ಕಲ್ಚರ್ ಅನ್ನುತ್ತಾರೆ. ನಮಗೆ ತೀರಾ ಹೊಸತೇನಲ್ಲ. ತೆಂಗಿನ ಬುಡದಲ್ಲಿ ಕಾಯಿಸಿಪ್ಪೆ ಹೂಳುತ್ತೇವಲ್ಲ? ಸಿಪ್ಪೆ ತನ್ನ ತೂಕದ 3ರಿಂದ 5 ಪಟ್ಟು ನೀರು ಹಿಡಿಯುತ್ತದೆ. ಕುಂಬಾದ ಮರವೂ ಹಾಗೆಯೇ ನೀರು ಕುಡಿದು ಇಟ್ಟುಕೊಳ್ಳುತ್ತದೆ. ಗಟ್ಟಿ ಮರ ಅಷ್ಟು ಕುಡಿಯುವುದಿಲ್ಲ.

ಕಟ್ಟಿಗೆ ರಾಶಿಗೆ ಕೈ ಹಾಕಿದಾಗ ಅಮ್ಮ, "ಮಳೆಗಾಲಕ್ಕೆ ಬಚ್ಚಲ ಒಲೆಗೆ ನೀನು ತಂದು ಕೊಡ್ತೀಯಾ?" ಎಂದರು. ನ್ಯಾಯದ ಮಾತೇ. ಒಲೆಗಾಗದ್ದು ಮಾತ್ರ ದಿಣ್ಣೆಗೆ ಎಂದು ಒಪ್ಪಂದ ಆಯಿತು. ಉಪ್ಪಳಿಗೆ, ಹಾಲುವಾಣ, ಬಿದ್ದು ಅಣಬೆ ಎದ್ದ ರಬ್ಬರ್ ಮರ. ಇವೆಲ್ಲ ಬೇಗ ಮೆತ್ತಗಾಗುತ್ತವೆ. ತೇಗ, ಹಲಸಿನ ತಿರುಳು ಬೇಡ, ಅವು ಕುಂಬಾಗುವಷ್ಟು ತಾಳ್ಮೆ ಯಾರಿಗಿದೆ?

ಏಪ್ರಿಲ್‌ನಲ್ಲೇ ಗುಡ್ಡೆಯ ಇಳಿಜಾರಿಗೆ ಅಡ್ಡವಾಗಿ, ನಾಲ್ಕಡಿ ಅಗಲಕ್ಕೆ, ಮೊಣಕಾಲಾಳದ ಗುಂಡಿ ತೆಗೆಸಿದೆ. ಮುರಕಲ್ಲಿನಲ್ಲಿ ಪಿಕ್ಕಾಸು ಬೇಕೇ ಬೇಕು. ಆಸ್ಟ್ರಿಯಾದ ಕೃಷಿಕ ಸೆಪ್ ಹೋಲ್ಜರ್ ಮಾಡುವ ಕಡಿದಾದ, ಎತ್ತರದ ದಿಣ್ಣೆ ನಮ್ಮ ಆಟಿ ಮಳೆಗೆ ನಿಲ್ಲಲಿಕ್ಕಿಲ್ಲ. ಇಲ್ಲಿ ಅರ್ಧ ನೆಲದೊಳಗೆ, ಅರ್ಧ ಮೇಲೆ ಇರಬೇಕು. ದಪ್ಪ ಬೊಡ್ಡೆ ತಳಕ್ಕೆ, ಸಂದಿಗೆ ಕಡ್ಡಿ-ಕಸ, ಮೇಲೆ ಗ್ಲಿರಿಸಿಡಿಯ ಸೊಪ್ಪು, ತರಗೆಲೆ, ಆಮೇಲೆ ಗುಂಡಿಯ ಮಣ್ಣು. ಕೊನೆಗೆ ಅಡಿಕೆ ಸೋಗೆಯ ಹೊದಿಕೆ. ಮರದ ತುದಿ ಹೊರಗೆ ಕಾಣಬಾರದು, ಕಂಡರೆ ಒಣಗುತ್ತದೆ.

ಈಗ ಮುಖ್ಯ ವಿಷಯ. ತೆಂಗಿನ ಬೊಡ್ಡೆಯನ್ನು ಮಾತ್ರ ಹಾಕಲೇಬೇಡಿ. ಸುಮ್ನೆ ಬಿದ್ದಿರುತ್ತದೆ, ಆಸೆಯಾಗುತ್ತದೆ, ನಿಜ. ಆದರೆ ಕುರುವಾಯಿ (ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ) ಮೊಟ್ಟೆ ಇಡುವುದು ಕೊಳೆತ ತೆಂಗಿನ ಮರದಲ್ಲಿ ಮತ್ತು ಹಟ್ಟಿಗೊಬ್ಬರದ ರಾಶಿಯಲ್ಲಿ. ಅಲ್ಲಿ ಬೆಳೆದ ದುಂಬಿ ತೆಂಗಿನ ಸುಳಿಗೆ ಹೋಗುತ್ತದೆ. ಅದು ಕೊರೆದ ಸುಳಿ ಬಿಡಿಸಿಕೊಂಡಾಗ ಮಡಲಿನ ಗರಿಗಳು ತ್ರಿಕೋನಕ್ಕೆ ಕತ್ತರಿಸಿದಂತೆ ಇರುತ್ತವೆ. ಸಣ್ಣ ಸಸಿಯಾದರೆ ಸತ್ತೇ ಹೋಗಬಹುದು. ನಾಲ್ಕು ಬಸಳೆಯ ಆಸೆಗೆ ತೆಂಗು ಕಳೆದುಕೊಳ್ಳುವ ವ್ಯಾಪಾರ ಯಾರಿಗೆ ಬೇಕು? ಬೇರೆ ಮರ ಕುಂಬಾದರೂ ಕುರುವಾಯಿ ಬರುವುದುಂಟು. ಅದಕ್ಕೇ ದಿಣ್ಣೆಯನ್ನು ಎಳೆ ತೆಂಗಿನಿಂದ ದೂರ ಮಾಡಿದೆ. ಸೊಪ್ಪಿನ ಜೊತೆ ಇಟ್ಟೇವು ಗಿಡವನ್ನೂ ಸೇರಿಸಿದೆ. ಗೊಬ್ಬರದ ಗುಂಡಿಗೆ ಅದನ್ನು ಹಾಕಿದರೆ ಹುಳ ಸರಿಯಾಗಿ ಬೆಳೆಯುವುದಿಲ್ಲ. ಹುಳಕ್ಕೆ ರೋಗ ತರುವ ಮೆಟಾರೈಝಿಯಂ ಎಂಬ ಹಸಿರು ಶಿಲೀಂಧ್ರವೂ ಇದೆ, ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯವರು ಶಿಫಾರಸು ಮಾಡುವುದು. ಹೆಬ್ಬೆರಳು ಗಾತ್ರದ, ಬಿಳಿ, ಬಾಗಿದ ಹುಳ ಸಿಕ್ಕಿದರೆ ಕೋಳಿಗೆ ಹಾಕಿ. ಜಗಳ ಮಾಡಿಕೊಂಡು ತಿನ್ನುತ್ತವೆ.

ಮೊದಲ ಮಳೆಗಾಲ ಎಲೆಗಳು ಹಳದಿಯಾದವು. ಮರ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಅದಕ್ಕೇ ಮೊದಲು ಗಾಳಿಯ ಸಾರಜನಕ ಹಿಡಿಯುವ ಅಲಸಂಡೆ ಹಾಕಿದ್ದು, ಜೊತೆಗೆ ಸ್ಲರಿ ಕೊಟ್ಟದ್ದು. ಬದನೆ, ಹಾಗಲ ಎಲ್ಲ ಎರಡನೇ ವರ್ಷದಿಂದ.

ಆ ವರ್ಷ ಜನವರಿ ಕೊನೆಗೆ ಬದಿಯಿಂದ ಕೈ ಹಾಕಿ ನೋಡಿದೆ. ಉಪ್ಪಳಿಗೆ ಬೊಡ್ಡೆ ನೆನೆಸಿದ ರಸ್ಕಿನ ಹಾಗೆ ಮುರಿದು ಬಂತು. ಹಿಂಡಿದರೆ ಬೆರಳ ಸಂದಿಯಲ್ಲಿ ಕಂದು ನೀರು. ಬಿಳಿ ಬೇರುಗಳು ಅದರೊಳಗೇ ನುಗ್ಗಿದ್ದವು. ಪಕ್ಕದ ಮಾಮೂಲಿ ಸಾಲಿಗೆ ದಿನಾ ನೀರು ಬೇಕಿತ್ತು, ದಿಣ್ಣೆಗೆ ವಾರಕ್ಕೆರಡು ಸಲ ಸಾಕಾಯಿತು. ಏಪ್ರಿಲ್‌ನಲ್ಲಿ ಮಾತ್ರ ಅದಕ್ಕೂ ಜಾಸ್ತಿ ಬೇಕು. ನೀರೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮರ ಕರಗಿದ ಹಾಗೆ ದಿಣ್ಣೆ ತಗ್ಗುತ್ತದೆ. ಪ್ರತಿ ಬೇಸಿಗೆ ಮೇಲೆ ಸೊಪ್ಪು, ಮಣ್ಣು ಹಾಕಬೇಕು. ಜಾಸ್ತಿ ತಗ್ಗಿದ ಕಡೆ ಈ ಸಲ ಸುವರ್ಣಗೆಡ್ಡೆ ನೆಟ್ಟಿದ್ದೇನೆ. ಅಗೆಯುವಾಗ ಹೇಗೂ ದಿಣ್ಣೆ ಬಿಚ್ಚಬೇಕು, ಕುರುವಾಯಿ ಹುಳ ಹುಡುಕುವ ಕೆಲಸವೂ ಆಗಲೇ ಮುಗಿಯುತ್ತದೆ.