ನೆಲ ಶಾಂತವಾಗಿರಲಿ, ಫ್ಯಾಷನ್ ಕಾರ್ಪೆಟ್‌ಗೆ ಬಿಡಿ

ಕೆಲವು ವರ್ಷಗಳ ಹಿಂದೆ ಎಲ್ಲಿ ನೋಡಿದರೂ ಬೂದು ಬಣ್ಣದ ನೆಲ, ಮುಖ ಕಾಣುವಷ್ಟು ಹೊಳಪು. ಈಗ ಜೇನು, ಮರಳು, ಮಣ್ಣಿನ ಬಣ್ಣಗಳ ಕಾಲ. ಹೊಳಪಿನ ಜಾಗಕ್ಕೆ ಮ್ಯಾಟ್ ಫಿನಿಶ್ ಬಂದಿದೆ. ಅಗಲವಾದ ಹಲಗೆ, ದೊಡ್ಡ ಟೈಲ್ಸ್, ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸುವ ಹೆರಿಂಗ್‌ಬೋನ್ ವಿನ್ಯಾಸ ಎಲ್ಲರ ಬಾಯಲ್ಲೂ ಇದೆ. ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್‌ಗಿಂತ ಬಿಡಿ ಕಾರ್ಪೆಟ್ ಇಷ್ಟಪಡುವವರು ಜಾಸ್ತಿ.

ಆದರೆ ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ನೆಲದ ವಿಷಯದಲ್ಲಿ ನಡೆಯುವುದಿಲ್ಲ. ಒಮ್ಮೆ ಹಾಕಿದ ನೆಲವನ್ನು ಕೀಳಬೇಕೆಂದರೆ ಮನೆಯೆಲ್ಲ ಖಾಲಿ ಮಾಡಬೇಕು, ಧೂಳು ಕುಡಿಯಬೇಕು. ಕಾರ್ಪೆಟ್ ಹಾಗಲ್ಲ, ಬೇಸರವಾದರೆ ಸುತ್ತಿ ಎತ್ತಿಡಬಹುದು. ಅದಕ್ಕೇ ನನ್ನ ಸಲಹೆ ಇಷ್ಟು: ನೆಲಕ್ಕೆ ಬಹುಕಾಲ ಒಗ್ಗುವ ಬಣ್ಣ ಆರಿಸಿ, ಹೊಸ ಫ್ಯಾಷನ್ನನ್ನು ಕಾರ್ಪೆಟ್‌ನಲ್ಲಿ ತನ್ನಿ. ಕೆಲಸ ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದನ್ನು ನೋಡೋಣ.

ಮೊದಲು ಕೆಳಗೇನಿದೆ ನೋಡಿ

ಅಂಗಡಿಗೆ ಹೋಗುವ ಮೊದಲು ಈಗಿರುವ ನೆಲವನ್ನು ಪರೀಕ್ಷಿಸಿ. 2 ಮೀಟರ್ ಉದ್ದದ ನೇರ ಪಟ್ಟಿಯೊಂದನ್ನು ನೆಲದ ಮೇಲೆ ಅಲ್ಲಲ್ಲಿ ಇಡುತ್ತ ಹೋಗಿ. ಪಟ್ಟಿಯ ಕೆಳಗೆ ಸುಮಾರು 3 ಮಿಲಿಮೀಟರ್‌ಗಿಂತ ದೊಡ್ಡ ಸಂದು ಕಂಡರೆ ಅಲ್ಲಿ ಮಟ್ಟ ಮಾಡಿಸಲೇಬೇಕು. ಒಂದಕ್ಕೊಂದು ಕೊಕ್ಕೆಯಂತೆ ಸಿಕ್ಕಿಸುವ ಹಲಗೆಗಳು ತಗ್ಗಿನ ಮೇಲೆ ಕೂತರೆ ಕಾಲಿಟ್ಟಾಗೆಲ್ಲ ಕುಗ್ಗಿ ಏಳುತ್ತವೆ. ಬರಬರುತ್ತ ಕೊಕ್ಕೆ ಮುರಿದು ಸಂದು ಬಾಯಿ ಬಿಡುತ್ತದೆ.

ಆಮೇಲೆ ತೇವ. ಕೆಳಗೆ ಸಿಮೆಂಟ್ ನೆಲವಿದ್ದರೆ ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ನೀರ ಹನಿ ಇದ್ದರೆ, ಅಥವಾ ಸಿಮೆಂಟ್ ಅಲ್ಲಿ ಮಾತ್ರ ಕಪ್ಪಾಗಿದ್ದರೆ ಕೆಳಗಿನಿಂದ ಪಸೆ ಏರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಮರ, ಲ್ಯಾಮಿನೇಟ್, ಅಂಟಿಸುವ ಕಾರ್ಪೆಟ್ ಯಾವುದನ್ನೂ ಹಾಕಿಸಬೇಡಿ. ಬಾಗಿಲ ಕೆಳಗೆ ಎಷ್ಟು ಜಾಗ ಇದೆ ಅಂತಲೂ ಅಳೆದು ಬರೆದಿಟ್ಟುಕೊಳ್ಳಿ.

ಕೋಣೆಯ ಕೆಲಸ ನೋಡಿ ವಸ್ತು ಆರಿಸಿ

ನೀರು ಬೀಳುವ ಕಡೆ ಟೈಲ್ಸ್‌ಗೆ ಸಾಟಿ ಇಲ್ಲ. ಆದರೆ ಅಂದಕ್ಕಿಂತ ಮೊದಲು ಅದರ ಜಾರುವ ಗುಣ ಕೇಳಿ. ಪೆಟ್ಟಿಗೆಯ ಮೇಲೆ ಆರ್9ರಿಂದ ಆರ್13ರವರೆಗೆ ಅಂಕಿ ಇರುತ್ತದೆ, ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಬಚ್ಚಲಿಗೆ ಆರ್10ಕ್ಕಿಂತ ಕೆಳಗೆ ಇಳಿಯಬೇಡಿ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಮರದ ನೋಟ ಬೇಕಾದರೆ ಮೂರು ದಾರಿ ಇವೆ. ನೋಡಲು ಒಂದೇ ಥರ, ಒಳಗೆ ಬೇರೆ ಬೇರೆ. ಲ್ಯಾಮಿನೇಟ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ, ಅದರ ಮೇಲೆ ಗಟ್ಟಿ ಪದರ. ಸಂದಿನಲ್ಲಿ ನೀರು ಇಳಿದು ಅಂಚು ಊದಿಕೊಂಡರೆ ಮತ್ತೆ ಮೊದಲಿನಂತಾಗುವುದಿಲ್ಲ. ಸವೆತವನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಎಸಿ ದರ್ಜೆ ನೋಡಿ ಕೊಳ್ಳಿ: ಮನೆಗೆ ಎಸಿ3 ಸಾಕು, ಓಡಾಟ ಜಾಸ್ತಿ ಇರುವಲ್ಲಿ ಎಸಿ4 ಇರಲಿ. ಎಸ್‌ಪಿಸಿ ಅನ್ನುವುದು ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ ಹಲಗೆ, ನೀರಿಗೆ ಹೆದರುವುದಿಲ್ಲ. ಇದರಲ್ಲಿ ಹಲಗೆಯ ಒಟ್ಟು ದಪ್ಪಕ್ಕಿಂತ ಮೇಲಿನ ಸವೆತದ ಪದರದ ದಪ್ಪ ಕೇಳಿ. ಸಾಧಾರಣ ಕೋಣೆಗೆ 0.3 ಮಿಲಿಮೀಟರ್, ನಾಯಿ ಓಡಾಡುವ, ಕುರ್ಚಿ ಎಳೆದಾಡುವ ಕಡೆ 0.5. ಇಂಜಿನಿಯರ್ಡ್ ವುಡ್‌ನಲ್ಲಿ ಮೇಲಿನ ಪದರ ನಿಜವಾದ ಮರ. ಕೆಳಗಿನ ಪದರಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ಇಡೀ ಮರದ ಹಲಗೆಯಷ್ಟು ಹಿಗ್ಗಿ ಕುಗ್ಗುವುದಿಲ್ಲ. ಮೇಲಿನ ಮರ 3 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಮುಂದೆ ಉಜ್ಜಿಸಿ ಹೊಸದು ಮಾಡಿಸಬಹುದು. ಕೈಗೆ ಎಟುಕುವುದಾದರೆ ನಾನು ಇದನ್ನೇ ಆರಿಸುವೆ.

ಹಳೆಯದೊಂದು ವಸ್ತು ಮತ್ತೆ ಬರುತ್ತಿರುವುದು ಖುಷಿಯ ವಿಷಯ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಕಂಡುಹಿಡಿದ ಲಿನೋಲಿಯಂ ಅದು. ಅಗಸೆ ಎಣ್ಣೆ, ಬಾಟಲಿಯ ಬಿರಡೆ ಮಾಡುವ ಕಾರ್ಕ್‌ನ ಪುಡಿ, ಕೆಳಗೆ ಸೆಣಬಿನ ಬಟ್ಟೆ. ಇದನ್ನೂ ವಿನೈಲನ್ನೂ ಒಂದೇ ಅಂದುಕೊಳ್ಳುವವರು ಬಹಳ. ವಿನೈಲ್ ಪ್ಲಾಸ್ಟಿಕ್. ಅದರಲ್ಲಿ ಸಾಮಾನ್ಯವಾಗಿ ಚಿತ್ರ ಮೇಲಷ್ಟೇ ಇರುತ್ತದೆ. ಲಿನೋಲಿಯಂ ಬಣ್ಣ ಕೆಳಗಿನ ಬಟ್ಟೆಯವರೆಗೂ ಇಳಿದಿರುವುದರಿಂದ ಸಣ್ಣ ಗೀರು ಎದ್ದು ಕಾಣುವುದಿಲ್ಲ.

ಬಣ್ಣ, ಜೋಡಣೆ

ಮಾದರಿ ತುಂಡನ್ನು ಮನೆಗೆ ತನ್ನಿ. ಕೈಯಲ್ಲಿ ಹಿಡಿದು ನೋಡಬೇಡಿ, ನೆಲದ ಮೇಲೆ ಇಟ್ಟು ನಿಂತು ನೋಡಿ. ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ಒಂದೇ ಬಣ್ಣ ಬೇರೆಯಾಗಿ ಕಾಣುತ್ತದೆ. ತೀರ ಕಪ್ಪು ನೆಲ ಚಿತ್ರದಲ್ಲಿ ಚೆಂದ, ಆದರೆ ಬಿದ್ದ ಒಂದು ಕೂದಲೂ ಕಾಣುತ್ತದೆ. ಗುಡಿಸುವವರ ಕಷ್ಟ ನೆನೆದು ನಡುಬಣ್ಣ ಆರಿಸಿ.

ಹಲಗೆಗಳನ್ನು ಕಿಟಕಿಯ ಬೆಳಕು ಬರುವ ದಿಕ್ಕಿಗೇ ಹಾಸಿದರೆ ಸಂದುಗಳು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಉದ್ದನೆಯ ಒಂದೊಂದು ಟೈಲ್ಸ್ ತನ್ನ ನಡುಭಾಗದಲ್ಲಿ ಕೂದಲೆಳೆಯಷ್ಟು ಉಬ್ಬಿರುವುದುಂಟು. ಅದರಿಂದ ಇಟ್ಟಿಗೆಯಂತೆ ಅರ್ಧಕ್ಕೆ ಸರಿಸಿ ಜೋಡಿಸಿದರೆ ಒಂದರ ಉಬ್ಬಿನ ಪಕ್ಕ ಇನ್ನೊಂದರ ತಗ್ಗು ಬಂದು ಕಾಲಿಗೆ ತಾಗುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದು. ನೇರ ಜೋಡಣೆಗೆ ಅಳತೆಗಿಂತ ಸುಮಾರು ಶೇ 10, ಹೆರಿಂಗ್‌ಬೋನ್‌ಗೆ ಶೇ 15 ಜಾಸ್ತಿ ತರಿಸಿ. ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ.

ಈಗ ಕಾರ್ಪೆಟ್

ಮೊದಲು ಅಳತೆ. ದೊಡ್ಡ ಕೋಣೆಯಲ್ಲಿ ಪುಟ್ಟ ಕಾರ್ಪೆಟ್ ಹಾಕಿದರೆ ಎಲ್ಲೋ ಬಿದ್ದಿರುವ ಹಾಗೆ ಕಾಣುತ್ತದೆ, ಅಲ್ವಾ? ಸೋಫಾದ ಮುಂದಿನ ಕಾಲುಗಳಾದರೂ ಅದರ ಮೇಲೆ ಬರಲಿ. ಊಟದ ಮೇಜಿನ ಕೆಳಗಾದರೆ ಮೇಜಿನ ನಾಲ್ಕೂ ಕಡೆ ಇನ್ನೂ 60 ಸೆಂಟಿಮೀಟರ್ ಹರಡಿರಬೇಕು, ಇಲ್ಲದಿದ್ದರೆ ಕುರ್ಚಿ ಹಿಂದೆ ಎಳೆದಾಗ ಕಾಲು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕೊಳ್ಳುವ ಮೊದಲು ಪೇಪರ್ ಟೇಪ್‌ನಿಂದ ನೆಲದ ಮೇಲೆ ಆ ಅಳತೆಯ ಚೌಕಟ್ಟು ಅಂಟಿಸಿ ಒಂದೆರಡು ದಿನ ಓಡಾಡಿ ನೋಡಿ.

ನಂತರ ನೂಲು. ಉಣ್ಣೆಯ ಎಳೆ ಒತ್ತಿದರೂ ಮತ್ತೆ ಎದ್ದು ನಿಲ್ಲುತ್ತದೆ, ಕೊಳೆಯನ್ನೂ ಬೇಗ ಹಿಡಿಯುವುದಿಲ್ಲ. ಓಡಾಟ ತಡೆಯುವುದರಲ್ಲಿ ನೈಲಾನ್ ಗಟ್ಟಿ. ಪಾಲಿಪ್ರಾಪಿಲೀನ್ ಕಲೆ ಹೀರುವುದಿಲ್ಲ, ಆದರೆ ಭಾರ ಬಿದ್ದಲ್ಲಿ ಚಪ್ಪಟೆಯಾಗಿ ಉಳಿಯುತ್ತದೆ. ಸೆಣಬು ಈಗ ಬಹಳ ಬೇಡಿಕೆಯಲ್ಲಿದೆ, ನೋಡಲು ಸೊಗಸು. ನೀರು ಬಿದ್ದರೆ ಕಲೆ ಉಳಿಯುವುದರಿಂದ ಒಣ ಕೋಣೆಗೆ ಮಾತ್ರ ಸರಿ. ಅಗಲವಾದ ಸೆಣಬಿನ ಹಾಸಿನ ಮೇಲೆ ಚಿಕ್ಕ ಉಣ್ಣೆಯ ಕಾರ್ಪೆಟ್ ಹಾಕುವ ಈಗಿನ ಪದ್ಧತಿ ನನಗೆ ತುಂಬ ಹಿಡಿಸಿದೆ. ಬಣ್ಣ ಬದಲಿಸಲು ಮೇಲಿನದನ್ನಷ್ಟೇ ಬದಲಿಸಿದರಾಯಿತು.

ಅಂಗಡಿಯಲ್ಲಿ ಒಂದು ಪರೀಕ್ಷೆ ತಪ್ಪದೆ ಮಾಡಿ. ಕಾರ್ಪೆಟ್‌ನ ಅಂಚನ್ನು ಹಿಡಿದು, ಎಳೆಗಳು ಹೊರಗೆ ಬರುವಂತೆ ಹಿಂದಕ್ಕೆ ಬಾಗಿಸಿ. ಎಳೆಗಳ ಬುಡದಲ್ಲಿ ಕೆಳಗಿನ ಬಟ್ಟೆ ಢಾಳಾಗಿ ಕಂಡರೆ ನೇಯ್ಗೆ ತೆಳು, ಎಳೆ ಎಷ್ಟೇ ಉದ್ದವಿದ್ದರೂ ಬೇಗ ಮಲಗಿಬಿಡುತ್ತದೆ. ಎಳೆಗಳು ಒತ್ತಾಗಿ ನಿಂತಿದ್ದು, ಬೆರಳು ಬುಡ ಮುಟ್ಟಲು ತಡಕಾಡಿದರೆ ಒಳ್ಳೆಯದು. ಆಮೇಲೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಕಡುಬಣ್ಣದ ಜಾಗದಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದನ್ನು ಬಿಟ್ಟುಬಿಡಿ. ಬೆಕ್ಕಿರುವ ಮನೆಗೆ ಕುಣಿಕೆ ಎಳೆಯ ಕಾರ್ಪೆಟ್ ಬೇಡ, ಉಗುರು ಸಿಕ್ಕಿದರೆ ಸಾಲು ಸಾಲೇ ಬಿಚ್ಚಿಕೊಳ್ಳಬಹುದು.

ಹಾಸುವಾಗ, ಹಾಸಿದ ಮೇಲೆ

ಮರ, ಲ್ಯಾಮಿನೇಟ್ ಪೆಟ್ಟಿಗೆಗಳನ್ನು ಹಾಸುವ ಕೋಣೆಯಲ್ಲೇ 48 ಗಂಟೆ ಮಲಗಿಸಿಡಿ. ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಜಾಗ ಬಿಡಿಸಿ, ಗೋಡೆಯ ಬುಡಕ್ಕೆ ಕೂರಿಸುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ಆ ಜಾಗ ಬಿಡದಿದ್ದರೆ ಹಿಗ್ಗಿದ ಹಲಗೆ ನಡುವೆ ಉಬ್ಬಿ ನಿಲ್ಲುತ್ತದೆ. ಉಳಿದ ಹಲಗೆ, ಟೈಲ್ಸ್ ಒಂದು ಪೆಟ್ಟಿಗೆಯಷ್ಟಾದರೂ ಎತ್ತಿಡಿ.

ಕಾರ್ಪೆಟ್ ಜಾರದಂತೆ ಕೆಳಗೆ ಪ್ಯಾಡ್ ಹಾಕಿ. ನೆಲ ವಿನೈಲ್ ಅಥವಾ ಎಸ್‌ಪಿಸಿ ಆಗಿದ್ದರೆ ರಬ್ಬರ್ ಪ್ಯಾಡ್ ಬೇಡ, ಅದು ಬಿಡುವ ಹಳದಿ ಕಲೆ ಉಜ್ಜಿದರೂ ಹೋಗುವುದಿಲ್ಲ. ವಿನೈಲ್‌ಗೆ ಹೊಂದುತ್ತದೆ ಎಂದು ಬರೆದಿರುವ ಪ್ಯಾಡನ್ನೇ ಕೇಳಿ ತನ್ನಿ. ಆರು ತಿಂಗಳಿಗೊಮ್ಮೆ ಕಾರ್ಪೆಟ್ಟನ್ನು ತಿರುಗಿಸಿ ಹಾಸಿದರೆ ಬಿಸಿಲು, ಓಡಾಟ ಎರಡೂ ಸಮವಾಗಿ ಬೀಳುತ್ತವೆ. ಹೊಸ ಉಣ್ಣೆಯ ಕಾರ್ಪೆಟ್ ಮೊದಲ ಕೆಲವು ತಿಂಗಳು ನೂಲು ಉದುರಿಸುವುದು ಸಹಜ, ಗಾಬರಿ ಬೇಡ. ಎಲ್ಲಾದರೂ ಒಂದು ಎಳೆ ಮೇಲೆದ್ದರೆ ಎಳೆಯಬೇಡಿ, ಉಳಿದ ಎಳೆಗಳ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ.