ವರದಿಗೆ ಸಿಗದ ಕಂಪ್ಯೂಟರ್‌ಗಳು: ಪ್ಯಾಚಿಂಗ್‌ನಲ್ಲಿ ನನ್ನ ಅನುಭವ

ಎಷ್ಟು ಯಂತ್ರಗಳಿಗೆ ಪ್ಯಾಚ್ (ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್) ಬಿದ್ದಿದೆ ಎಂದು ಪ್ಯಾಚ್ ಸರ್ವರ್ ತೋರಿಸುವ ಶೇಕಡಾವಾರು ಲೆಕ್ಕವನ್ನು ನಾನು ಕೊನೆಗೆ ನೋಡುತ್ತೇನೆ. ಅದು ಸರ್ವರ್‌ಗೆ ಪರಿಚಯವಿರುವ ಯಂತ್ರಗಳ ಲೆಕ್ಕ ಮಾತ್ರ. ನನ್ನ ಕೆಲಸ ಶುರುವಾಗುವುದು ಮೂರು ಪಟ್ಟಿಗಳಿಂದ: ಆಕ್ಟಿವ್ ಡೈರೆಕ್ಟರಿಯ (ಸಂಸ್ಥೆಯ ಬಳಕೆದಾರರು, ಯಂತ್ರಗಳ ದಾಖಲೆ) ಕಂಪ್ಯೂಟರ್ ಖಾತೆಗಳು, ಡಿಎಚ್‌ಸಿಪಿ ಲೀಸ್‌ಗಳು (ಯಾವ ಯಂತ್ರಕ್ಕೆ ಯಾವ ನೆಟ್‌ವರ್ಕ್ ವಿಳಾಸ ಕೊಟ್ಟಿದೆ ಎಂಬ ಪಟ್ಟಿ), ಡಬ್ಲ್ಯುಎಸ್‌ಯುಎಸ್ (ವಿಂಡೋಸ್ ಪ್ಯಾಚ್ ಹಂಚುವ ಮೈಕ್ರೋಸಾಫ್ಟ್‌ನ ಸರ್ವರ್) ಕನ್ಸೋಲ್. ಮೊದಲೆರಡರಲ್ಲಿದ್ದು ಮೂರನೆಯದರಲ್ಲಿಲ್ಲದ ಹೆಸರುಗಳನ್ನು ಮೊದಲು ಹಿಡಿಯಬೇಕು.

ಹೆಸರುಗಳು ಹೀಗೆ ತಪ್ಪಿಹೋಗಲು ಸಾಮಾನ್ಯ ಕಾರಣ ಕ್ಲೋನಿಂಗ್, ಅಂದರೆ ಒಂದು ಯಂತ್ರದ ಡಿಸ್ಕ್‌ನ ಪೂರ್ಣ ಪ್ರತಿಯನ್ನು (ಇಮೇಜ್) ಬೇರೆ ಯಂತ್ರಗಳಿಗೆ ಹಾಕುವುದು. ಸಿಸ್‌ಪ್ರೆಪ್ (ಯಂತ್ರದ ಸ್ವಂತ ಗುರುತುಗಳನ್ನು ತೆಗೆಯುವ ವಿಂಡೋಸ್ ಉಪಕರಣ) ಮಾಡದೆ ಒಂದೇ ಇಮೇಜ್‌ನಿಂದ 30 ಯಂತ್ರ ತಯಾರಿಸಿದರೆ ಎಲ್ಲಕ್ಕೂ ಒಂದೇ ಸಸ್‌ಕ್ಲೈಂಟ್‌ಐಡಿ, ಅಂದರೆ ಡಬ್ಲ್ಯುಎಸ್‌ಯುಎಸ್ ಯಂತ್ರವನ್ನು ಗುರುತಿಸುವ ಸಂಖ್ಯೆ, ಬರುತ್ತದೆ. ಆಗ ಕನ್ಸೋಲ್‌ನಲ್ಲಿ ಒಂದೇ ಸಾಲು, ಅದರ ಹೆಸರು ಮಾತ್ರ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಪರಿಹಾರ ಹೀಗೆ: ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ರಿಜಿಸ್ಟ್ರಿಯ ವಿಂಡೋಸ್‌ಅಪ್‌ಡೇಟ್ ಕೀಯಲ್ಲಿರುವ ಸಸ್‌ಕ್ಲೈಂಟ್‌ಐಡಿ, ಸಸ್‌ಕ್ಲೈಂಟ್‌ಐಡಿವ್ಯಾಲಿಡೇಶನ್ ಎರಡನ್ನೂ ಅಳಿಸಿ, ಸರ್ವಿಸ್ ಮತ್ತೆ ಶುರು ಮಾಡಿ ಹೊಸದಾಗಿ ಡಿಟೆಕ್ಷನ್ (ಯಾವ ಪ್ಯಾಚ್ ಬೇಕೆಂದು ಸರ್ವರ್‌ನಲ್ಲಿ ಹುಡುಕುವುದು) ಓಡಿಸಬೇಕು. ಇಮೇಜ್‌ನಲ್ಲೇ ಇದನ್ನು ಅಳಿಸಿಟ್ಟರೆ ಮುಂದಿನ ಬಾರಿಗೆ ತಲೆನೋವಿಲ್ಲ.

ಕ್ಲೈಂಟ್‌ಗಳು (ಪ್ಯಾಚ್ ಪಡೆಯುವ ಯಂತ್ರಗಳು) ಗುಂಪಾಗಿ 0ಎಕ್ಸ್80244022 ಎಂಬ ದೋಷ ಕೊಟ್ಟರೆ ಅವುಗಳನ್ನು ಮುಟ್ಟಬೇಡಿ. ಅದು ಸರ್ವರ್ ಕಳಿಸಿದ 503, ಅಂದರೆ 'ಸೇವೆ ಸದ್ಯ ಲಭ್ಯವಿಲ್ಲ' ಎಂಬ ಉತ್ತರ. ಐಐಎಸ್‌ನಲ್ಲಿ (ವಿಂಡೋಸ್‌ನ ವೆಬ್ ಸರ್ವರ್) ಡಬ್ಲ್ಯುಎಸ್‌ಯುಎಸ್ ಅನ್ನು ಓಡಿಸುವ ಡಬ್ಲ್ಯುಎಸ್‌ಯುಎಸ್‌ಪೂಲ್ ನಿಂತಿರುತ್ತದೆ. ಅದರ ಪ್ರೈವೇಟ್ ಮೆಮೊರಿ ಮಿತಿ ಮೂಲತಃ 18,43,200 ಕೆಬಿ, ಅಂದರೆ 2 ಜಿಬಿಯೂ ಇಲ್ಲ. ಮಿತಿ ಏರಿಸಿ, ಕ್ಯೂ ಉದ್ದವನ್ನು (ಸರದಿಯಲ್ಲಿ ಕಾಯಬಹುದಾದ ಕೋರಿಕೆಗಳ ಸಂಖ್ಯೆ) 1000ದಿಂದ 2000ಕ್ಕೆ ತಂದರೆ ಸದ್ಯಕ್ಕೆ ಉಸಿರಾಡುತ್ತದೆ. ರೋಗದ ಬೇರು ಇರುವುದು ಹಳತಾದರೂ ಡಿಕ್ಲೈನ್ ಮಾಡದೆ (ಬೇಡವೆಂದು ಗುರುತು ಹಾಕದೆ) ಬಿಟ್ಟ ಅಪ್‌ಡೇಟ್‌ಗಳಲ್ಲಿ. ತಿಂಗಳಿಗೊಮ್ಮೆ ಅವನ್ನು ಡಿಕ್ಲೈನ್ ಮಾಡಿ ಕ್ಲೀನಪ್ ಓಡಿಸಿ. ಡ್ರೈವರ್ ವರ್ಗವನ್ನಂತೂ ಆರಿಸಲೇಬೇಡಿ, ಡೇಟಾಬೇಸ್ ಊದಿಕೊಳ್ಳುತ್ತದೆ. ಪ್ಯಾಚ್ ಹಂಚುವ ಸರ್ವರ್‌ಗೇ ಪ್ಯಾಚ್ ಮರೆಯುವವರೂ ಇದ್ದಾರೆ: 2025ರ ಅಕ್ಟೋಬರ್‌ನಲ್ಲಿ ಡಬ್ಲ್ಯುಎಸ್‌ಯುಎಸ್‌ನ ಗಂಭೀರ ದೋಷಕ್ಕೇ ತುರ್ತು ಪ್ಯಾಚ್ ಬಂತು. ಅದು ಬಳಸುವ 8530, 8531 ಪೋರ್ಟ್‌ಗಳು ಹೊರಗಿನ ಇಂಟರ್ನೆಟ್‌ಗೆ ಕಾಣಬಾರದು.

ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್‌ನ ಪ್ಯಾಚ್‌ಗಳು ಬಂದ ಮೇಲೆ ಮೊದಲ ಮೂರು ದಿನ ಹತ್ತೇ ಯಂತ್ರಗಳಿಗೆ ಹಾಕುತ್ತೇನೆ. ಬಳಕೆಯಲ್ಲಿರುವ ಪ್ರತಿ ಮಾದರಿಯ ಪ್ರಿಂಟರ್‌ಗೂ ಈ ಹತ್ತರಲ್ಲಿ ಒಂದಾದರೂ ಜೋಡಿಸಿರಬೇಕು. 2021ರ ಮಾರ್ಚ್‌ನಲ್ಲಿ ವಿಂಡೋಸ್ 10ರ ಪ್ಯಾಚ್ ಹಾಕಿದ ಮೇಲೆ ಕೆಲವು ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಟ್ಟರೆ ನೀಲಿ ಪರದೆ ಬರುತ್ತಿತ್ತು. ಆ ಮೂರು ದಿನದ ನಂತರ ಉಳಿದ ಎಲ್ಲ ಯಂತ್ರಗಳಿಗೂ ಪ್ಯಾಚ್ ಹಾಕುತ್ತೇನೆ. ಇದಕ್ಕಿಂತ ಹೆಚ್ಚು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಬಳಸಿಕೊಂಡ ದೋಷಕ್ಕೆ ಪ್ಯಾಚ್ ಬಂದದ್ದು 2017ರ ಮಾರ್ಚ್ 14ಕ್ಕೆ, ದಾಳಿ ಮೇ 12ಕ್ಕೆ. ಪ್ಯಾಚ್ ಹಾಕಲು 59 ದಿನ ಸಿಕ್ಕಿತ್ತು.

ಇನ್ನು ರೀಸ್ಟಾರ್ಟ್. 'ದಿನಾ ಸಂಜೆ ಆಫ್ ಮಾಡ್ತೀನಿ' ಎನ್ನುವವರ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್‌ನ ಅಪ್‌ಟೈಮ್ (ಕೊನೆಯ ಪೂರ್ಣ ಬೂಟ್‌ನಿಂದ ಕಳೆದ ಸಮಯ) ನೋಡಿ, 20 ದಿನ ಇರಬಹುದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಕರ್ನಲ್ (ವಿಂಡೋಸ್‌ನ ತಿರುಳು) ಡಿಸ್ಕ್‌ನಲ್ಲಿ ನಿದ್ದೆ ಮಾಡುತ್ತದೆ, ಹೊಸದಾಗಿ ಬೂಟ್ ಆಗುವುದಿಲ್ಲ. ಅರ್ಧಕ್ಕೆ ನಿಂತ ಪ್ಯಾಚ್ ಅಲ್ಲೇ ಉಳಿಯುತ್ತದೆ. ಎಲ್ಲ ಯಂತ್ರಗಳಿಗೂ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಿಂದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಉಬುಂಟು (ಲಿನಕ್ಸ್) ಸರ್ವರ್‌ಗಳಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ಪ್ರೋಗ್ರಾಂ ತಾನಾಗಿ ಭದ್ರತಾ ಪ್ಯಾಚ್ ಹಾಕುತ್ತದೆ, ಆದರೆ ನಾವು ಹೇಳದ ಹೊರತು ರೀಬೂಟ್ ಮಾಡುವುದಿಲ್ಲ. ಓಪನ್‌ಎಸ್‌ಎಸ್‌ಎಲ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಸಾಫ್ಟ್‌ವೇರ್) ಹೊಸದಾದರೂ, ಮೊದಲೇ ಓಡುತ್ತಿದ್ದ ವೆಬ್ ಸರ್ವರ್ ಮೆಮೊರಿಯಲ್ಲಿರುವ ಹಳೆಯದನ್ನೇ ಬಳಸುತ್ತಿರುತ್ತದೆ. ಯಾವ ಸರ್ವಿಸ್ ರೀಸ್ಟಾರ್ಟ್ ಆಗಬೇಕೆಂದು ನೀಡ್‌ರೀಸ್ಟಾರ್ಟ್ ಎಂಬ ಉಪಕರಣ ಹೇಳುತ್ತದೆ. ನಾನು ಅದನ್ನು ಪ್ರತಿ ಬೆಳಿಗ್ಗೆ ಓಡಿಸಿ, ಬಂದ ಪಟ್ಟಿಯನ್ನು ಮೇಲ್‌ಗೆ ಹಾಕಿಸಿಕೊಳ್ಳುತ್ತೇನೆ.